ಮರಳಿ ರೇವಿಗೆ: ಕರಾವಳಿ ಯಾನದ ಕೊನೆಯ ಹಂತ

ದೀರ್ಘ ಯಾನವನ್ನು ಮುಗಿಸಿ ಊರಿಗೆ ಮರಳುವ ಹಾಯಿಹಡಗು ಅತಿ ಹೆಚ್ಚಿನ ಎಚ್ಚರ ವಹಿಸಬೇಕಾದದ್ದು ತನ್ನ ರೇವಿನ ಸಮೀಪದಲ್ಲಿ. ತೀರವು ಹತ್ತಿರವಾದಂತೆ ಗಾಳಿಯ ಜೊತೆಗೆ ಬಂಡೆ, ಮರಳುದಿಬ್ಬ ಹಾಗೂ ಉಬ್ಬರವಿಳಿತಗಳನ್ನೂ ಗಮನಿಸಬೇಕಾಗುತ್ತದೆ. ಮನೆ ಸೇರುವ ಆತುರವೂ ನಾವಿಕರನ್ನು ಕಾಡುವುದು ಆಗಲೇ. ಪಶ್ಚಿಮ ಕರಾವಳಿಯ ಪ್ರಾಚೀನ ಬಂದರಾದ ಕಲ್ಯಾಣದ ಜಲಮಾರ್ಗವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಒಳನಾಡಿನ ರೇವು

ಠಾಣೆ ಜಿಲ್ಲೆಯ ಅಂಬರನಾಥವು ಇಂದು ಕೈಗಾರಿಕಾ ಪಟ್ಟಣವೆಂದೇ ಪ್ರಸಿದ್ಧವಾಗಿದೆ. ಅಲ್ಲಿಯ ಶಿವಾಲಯದಲ್ಲಿ ದೊರೆತ ಶಾಸನದ ಕಾಲ ಕ್ರಿ.ಶ. 1060. ಅದನ್ನು ಕಟ್ಟಿಸಿದ ಉತ್ತರ ಕೊಂಕಣದ ಶಿಲಾಹಾರ ಅರಸರ ಬಿರುದುಗಳಲ್ಲಿ ಕನ್ನಡ ಪದಗಳು ಕಂಡುಬರುತ್ತವೆ. ದೇವಾಲಯದ ಪಕ್ಕದಲ್ಲಿ ಹರಿಯುವ ವಾಲಧುನಿ ಹೊಳೆಯು ಕಲ್ಯಾಣದ ಬಳಿ ಉಲ್ಹಾಸ ನದಿಯನ್ನು ಕೂಡುತ್ತದೆ. ಉಲ್ಹಾಸವು ವಸಾಯಿಯ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಪೆರಿಪ್ಲಸ್' ಎಂಬ ನೌಕಾಮಾರ್ಗದರ್ಶಿಯು ಕಲ್ಯಾಣವನ್ನು 'ಕಲ್ಲಿಯೇನ' ಎಂದು ಹೆಸರಿಸುತ್ತದೆ. ಮೊದಲು ಮುಕ್ತವಾಗಿದ್ದ ಈ ರೇವಿಗೆ ಅನಂತರ ನಿರ್ಬಂಧ ಒದಗಿತೆಂದೂ, ಆಕಸ್ಮಿಕವಾಗಿ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯಲಾಗುತ್ತಿತ್ತೆಂದೂ ಅದು ತಿಳಿಸುತ್ತದೆ. ಭರೂಚಿನಲ್ಲಿ ರಾಜನ ಸೇವೆಯಲ್ಲಿದ್ದ ಸ್ಥಳೀಯ ಬೆಸ್ತರು ಮುಂದಾಗಿ ಕಡಲಿಗೆ ಬಂದು, ಉಬ್ಬರದ ವೇಳೆಯನ್ನರಿತು ಹಡಗುಗಳನ್ನು ನದಿಯೊಳಕ್ಕೆ ಎಳೆದೊಯ್ಯುತ್ತಿದ್ದರೆಂಬ ವಿವರವೂ ಅದರಲ್ಲಿದೆ. ಕೊನೆಯ ಕೆಲವು ಮೈಲಿಗಳಿಗೆ ನೆಲದ ಗುರುತುಬಲ್ಲವರ ನೆರವು ಅನಿವಾರ್ಯವೆಂಬುದು ಅಂದೇ ಮನವರಿಕೆಯಾಗಿದ್ದಿತು.

ಎದುರುಗಾಳಿಯ ದಾರಿ

ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಹಂಚುಗಳು ಮಂಜಿ, ಮಚುವೆಗಳಲ್ಲಿ ಮುಂಬಯಿಗೆ ಸಾಗತೊಡಗಿದವು. ಈ ಹಾದಿಯ ಉದ್ದ ಸುಮಾರು 700 ಕಿಲೋಮೀಟರ್. ಮಳೆಗಾಲ ಕಳೆದ ತಿಂಗಳುಗಳಲ್ಲಿ ಮಧ್ಯಾಹ್ನದ ಕಡಲಗಾಳಿ ವಾಯವ್ಯದಿಂದ ಬೀಸುತ್ತದೆ. ಆದುದರಿಂದ ದಕ್ಷಿಣಕ್ಕೆ ಮರಳುವ ಹಡಗಿಗೆ ಗಾಳಿಯು ಬೆಂಬಲವಾಗಿದ್ದರೆ, ಉತ್ತರಕ್ಕೆ ಮರಳುವ ಹಡಗಿಗೆ ಅದೇ ಗಾಳಿ ಎದುರಾಗುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಬೀಸುವ ಮೂಡಗಾಳಿಯನ್ನು ಹಿಡಿದು ತೀರದುದ್ದಕ್ಕೂ ಸಾಗುವುದು, ಮಧ್ಯಾಹ್ನ ಎದುರುಗಾಳಿ ಬಲವಾದಾಗ ಲಂಗರು ಹಾಕುವುದು ಅಥವಾ ಹಾಯಿಯನ್ನು ಮಗ್ಗುಲು ಬದಲಿಸುತ್ತ ಓರೆಯಾಗಿ ಮುಂದುವರಿಯುವುದು ತಾಂಡೇಲರ ಕ್ರಮವಾಗಿತ್ತು.

ಉಬ್ಬರದ ಲೆಕ್ಕ

ಮಂಗಳೂರಿನಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗಿರುತ್ತದೆ. ಮುಂಬಯಿಯ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರಗಳಲ್ಲಿ ಅದು ನಾಲ್ಕು ಮೀಟರನ್ನೂ ಮೀರುವುದುಂಟು. ಆದಕಾರಣ ಇಳಿತದಲ್ಲಿ ಕೆಸರು ಕಾಣುವ ಖಾಡಿಯಲ್ಲಿಯೇ ಉಬ್ಬರದ ವೇಳೆ ಹಡಗು ತೇಲಬಲ್ಲದು. ವಸಾಯಿಯ ಅಳಿವೆಯನ್ನು ಉಬ್ಬರದೊಂದಿಗೆ ಹೊಕ್ಕ ಹಡಗನ್ನು ನೀರಿನ ಸೆಳೆತವೇ ಕಲ್ಯಾಣದ ಕಡೆಗೆ ಒಯ್ಯುತ್ತದೆ. ಸುಮಾರು ಆರು ಗಂಟೆಗಳ ನಂತರ ಸೆಳೆತ ತಿರುಗುತ್ತದೆ. ಆಗ ಲಂಗರು ಹಾಕಿ ಮುಂದಿನ ಉಬ್ಬರಕ್ಕಾಗಿ ಕಾಯಬೇಕು. ಊರು ಕಣ್ಣಿಗೆ ಕಾಣುತ್ತಿದ್ದರೂ ಕಾಯುವ ಸಂಯಮವೇ ಇಲ್ಲಿ ನಾವಿಕನ ಮುಖ್ಯ ಗುಣ.

ದಕ್ಷಿಣದ ರೇವುಗಳಲ್ಲಿ ತೊಡಕು ಬೇರೆ ಬಗೆಯದು. ಗಂಗೊಳ್ಳಿ, ಮಂಗಳೂರುಗಳ ಅಳಿವೆಗಳಲ್ಲಿ ಅಡ್ಡಲಾಗಿ ಬೆಳೆಯುವ ಮರಳುದಿಬ್ಬದ ಮೇಲೆ ಅಲೆಗಳು ಒಡೆಯುತ್ತವೆ. ದಿಬ್ಬದ ಸ್ಥಾನವೂ ಬದಲಾಗುತ್ತಿರುವುದರಿಂದ ಹಿಂದಿನ ವರ್ಷದ ನೆನಪನ್ನೇ ನಂಬುವಂತಿಲ್ಲ.

ಋತುವಿನ ಗಡುವು

ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರಂದು ಕೇರಳವನ್ನೂ ಜೂನ್ 11ರ ಹೊತ್ತಿಗೆ ಮುಂಬಯಿಯನ್ನೂ ಮುಟ್ಟುತ್ತದೆ. ಹೀಗೆ ಉತ್ತರಕ್ಕೆ ಮರಳುವ ಹಡಗಿನ ಬೆನ್ನಿಗೇ ಮಳೆಗಾಲವೂ ಬರುತ್ತದೆ. ಅದಕ್ಕೂ ಮುನ್ನವೇ ಚಂಡಮಾರುತಗಳು ಎದ್ದೇಳಬಹುದು. 2021ರ ಮೇ ತಿಂಗಳಿನಲ್ಲಿ 'ತೌಕ್ತೆ' ಚಂಡಮಾರುತವು ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಸಾಗಿ 17ರಂದು ಗುಜರಾತಿನ ತೀರವನ್ನು ಅಪ್ಪಳಿಸಿತು. ಮಂಗಳೂರಿನ ಉತ್ತರಕ್ಕೆ, ಮೂಲ್ಕಿ ಸಮೀಪದ ಬಂಡೆಗಳಲ್ಲಿ ಸಿಲುಕಿದ್ದ ಟಗ್ ಒಂದರ ಒಂಬತ್ತು ಮಂದಿಯನ್ನು ಅದೇ ದಿನ ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಗಳು ಪಾರುಮಾಡಿದವು. ಯಂತ್ರಬಲವಿದ್ದ ನೌಕೆಗೇ ತನ್ನ ತೀರದ ಬಳಿ ಇಂತಹ ಗತಿ ಒದಗಿದಾಗ, ಗಾಳಿಯನ್ನೇ ನಂಬಿದ ಹಡಗಿನ ಸ್ಥಿತಿಯನ್ನು ಊಹಿಸಬಹುದು.

ಇಂದಿನ ನೆರವು

ಕಾಪು (1901), ಖಾಂದೇರಿ ದ್ವೀಪ (1867), ಕೊಲಾಬಾದ ಪ್ರಾಂಗ್ಸ್ (1875) ಮೊದಲಾದ ದೀಪಸ್ತಂಭಗಳು ಈ ಹಾದಿಯ ಗುರುತುಗಳು. ಉಪಗ್ರಹ ಆಧಾರಿತ ಸ್ಥಾನಸೂಚಕಗಳು ಬಂದಿದ್ದರೂ ಕಣ್ಣಿಗೆ ಕಾಣುವ ದೀಪದ ಬೆಲೆ ಕುಂದಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಗೆ ಅನುಗುಣವಾಗಿ ಬಂದರುಗಳಲ್ಲಿ ಅಪಾಯದ ಸಂಕೇತಗಳನ್ನು ಏರಿಸಲಾಗುತ್ತದೆ. ಕಡಲಿನಲ್ಲಿ ತೊಂದರೆಗೊಳಗಾದವರು ಕರಾವಳಿ ರಕ್ಷಣಾ ಪಡೆಯನ್ನು 1554 ಸಂಖ್ಯೆಯ ಮೂಲಕ ಸಂಪರ್ಕಿಸಬಹುದು.

ರೈಲುಮಾರ್ಗವು 1854ರಲ್ಲಿ ಕಲ್ಯಾಣವನ್ನು ತಲುಪಿದ ನಂತರ ಸರಕು ಸಾಗಣೆಗೆ ನೆಲದ ದಾರಿಯೊಂದು ತೆರೆಯಿತು. ಆದರೆ ಖಾಡಿಯ ಮಹತ್ವ ಮರೆತುಹೋಗಿಲ್ಲ: 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯು ಕಲ್ಯಾಣ–ಠಾಣೆ–ಮುಂಬಯಿ ಮಾರ್ಗವನ್ನು 53ನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದೆ. ಈ ನೀರಿನಲ್ಲಿ ಮುಂದೆ ಯಾವ ಬಗೆಯ ನೌಕೆ ಸಂಚರಿಸಿದರೂ ಹಿಂದಿನ ನಾವಿಕರ ಅನುಭವ ಅದಕ್ಕೂ ಅನ್ವಯಿಸುತ್ತದೆ. ಸಂಕೇತ ಏರಿದ ದಿನ ಹೊರಡದಿರುವುದು, ಇಳಿತದಲ್ಲಿ ಅಳಿವೆಯನ್ನು ಹೊಗದಿರುವುದು, ಗುರುತುಬಲ್ಲವರ ಮಾತನ್ನು ಕೇಳುವುದು, ಈ ಮೂರನ್ನು ಪಾಲಿಸಿದರೆ ಯಾನದ ಕೊನೆಯ ಹಂತವೂ ಸುರಕ್ಷಿತವಾಗಿ ಪೂರೈಸುತ್ತದೆ.