ಕುದಿಸಿದರೂ ಹೋಗದ ವಿಷ

"ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ" ಅಂತ ನಾವು ಹೇಳುತ್ತೇವೆ. ನೀರಿನ ವಿಷಯದಲ್ಲಿ ಇದು ನಿಜ. ಕುದಿಸಿದರೆ ನೀರಿನಲ್ಲಿರುವ ರೋಗದ ಕ್ರಿಮಿಗಳು ಸಾಯುತ್ತವೆ. ಆದರೆ ಎಷ್ಟು ಕುದಿಸಿದರೂ ಹೋಗದ ಒಂದು ವಿಷ ಇದೆ. ಅದು ಸಮುದ್ರದ ಕಪ್ಪೆಚಿಪ್ಪಿನಲ್ಲಿ ಸೇರುವ ವಿಷ.

"ಹೊಸೂರು, ಕೃಷ್ಣಗಿರಿ ಕಡೆ ಸಮುದ್ರವೇ ಇಲ್ಲ. ನಮಗ್ಯಾಕೆ ಇದು?" ಅಂತ ನೀವು ಕೇಳಬಹುದು. ನಾವು ಕೂಲಿಗೆ, ಮದುವೆಗೆ, ಯಾತ್ರೆಗೆ ಸಮುದ್ರದ ಊರಿಗೆ ಹೋಗುತ್ತೇವೆ. ಅಲ್ಲಿ ಚಿಪ್ಪಿನ ಮಾಂಸದ ಸಾರು ಮಾಡುತ್ತಾರೆ. ಅದಕ್ಕೇ ತಿಳಿದಿರಬೇಕು.

ವಿಷ ಹೇಗೆ ಸೇರುತ್ತದೆ?

ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಕೆಲವು ಜಾತಿಯ ಪಾಚಿಯಲ್ಲಿ ವಿಷ ಇರುತ್ತದೆ. ಒಮ್ಮೊಮ್ಮೆ ಅವು ತುಂಬಾ ಬೆಳೆಯುತ್ತವೆ. ಚಿಪ್ಪಿನೊಳಗಿನ ಜೀವಿ ನೀರನ್ನು ಸೋಸಿ ಪಾಚಿ ತಿನ್ನುತ್ತದೆ. ವಿಷ ಅದರ ಮೈಯಲ್ಲಿ ಉಳಿಯುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಕೆಟ್ಟ ವಾಸನೆ ಇಲ್ಲ, ರುಚಿಯೂ ಕೆಡುವುದಿಲ್ಲ. ಈಗತಾನೇ ತಂದ ಚಿಪ್ಪಿನಲ್ಲೂ ಇರಬಹುದು. ತೊಳೆದರೂ, ಹುರಿದರೂ, ಹುಣಸೆಹುಳಿ ಹಾಕಿದರೂ, ಐಸಿನಲ್ಲಿ ಇಟ್ಟರೂ ವಿಷ ಹೋಗದು.

ನಡೆದ ಸಂಗತಿ

1981ರಲ್ಲಿ ನಮ್ಮ ತಮಿಳುನಾಡಿನಲ್ಲೇ ಇಂಥ ಚಿಪ್ಪು ತಿಂದು 3 ಜನ ತೀರಿಕೊಂಡರು. 85 ಜನ ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರು ಕಡೆಯಲ್ಲೂ ಹೀಗಾಯಿತು. 1997ರಲ್ಲಿ ಕೇರಳದ ವಿಳಿಂಜಂ ಎಂಬಲ್ಲಿ 7 ಜನ ಸತ್ತರು. ಸುಮಾರು 500 ಜನ ಆಸ್ಪತ್ರೆ ಸೇರಿದರು. 

ಲಕ್ಷಣಗಳೇನು?

ಸಾಮಾನ್ಯವಾಗಿ ಅರ್ಧ ಗಂಟೆಯಲ್ಲೇ ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಕೆಲವರಿಗೆ ಕೆಲವು ಗಂಟೆ ತಡವಾಗಬಹುದು. ಆಮೇಲೆ ಮುಖ, ಕೈಬೆರಳು ಮರಗಟ್ಟುತ್ತವೆ. ವಾಂತಿ ಆಗಬಹುದು. ಮಾತು ತೊದಲುತ್ತದೆ. ಕೈಕಾಲಿನ ಬಲ ಹೋಗುತ್ತದೆ. ವಿಷ ಹೆಚ್ಚಾದರೆ ಉಸಿರಾಟವೇ ನಿಲ್ಲುತ್ತದೆ. ಜೀವ ಹೋಗುವುದು ಇದರಿಂದಲೇ.

ಏನು ಮಾಡಬೇಕು?

ತುಟಿ ಜುಮ್ಮೆಂದರೆ ಊಟ ಅಲ್ಲಿಗೇ ಬಿಡಿ. ಬೇರೆಯವರೂ ತಿನ್ನದ ಹಾಗೆ ನೋಡಿಕೊಳ್ಳಿ. "ಮಲಗಿ ಎದ್ದರೆ ಸರಿ ಹೋಗುತ್ತೆ" ಅಂತ ಮಲಗಬೇಡಿ. ಮಂತ್ರ, ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಬೇಗ ದೊಡ್ಡ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಡಾಕ್ಟರಿಗೆ ಹೇಳಿ.

ಈ ವಿಷವನ್ನು ಮುರಿಯುವ ಮದ್ದು ಇಲ್ಲ. ಹಾಗಂತ ಹೆದರಬೇಡಿ. ಆಸ್ಪತ್ರೆಯಲ್ಲಿ ಯಂತ್ರದಿಂದ ಉಸಿರಾಡಿಸುತ್ತಾರೆ. ವಿಷ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅಲ್ಲಿಯ ತನಕ ಉಸಿರು ನಿಲ್ಲದಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ. ಅದಕ್ಕೇ ಬೇಗ ಹೋಗಬೇಕು.

ಸಮುದ್ರದ ಊರಿಗೆ ಹೋದಾಗ "ಈಗ ಚಿಪ್ಪು ತಿನ್ನಬೇಡಿ" ಅಂತ ಸರ್ಕಾರದವರಾಗಲಿ ಊರಿನವರಾಗಲಿ ಹೇಳಿದರೆ ಆ ಮಾತು ಕೇಳಿ. ಒಂದು ದಿನದ ಬಾಯಿ ರುಚಿಗಿಂತ ಜೀವ ದೊಡ್ಡದು. ಇದನ್ನು ಮನೆಯವರಿಗೂ ಓದಿ ಹೇಳಿ.