ಗಡಿ ದಾಟುವ ಕೂಸು: ಮೊದಲ ತಿಂಗಳ ಆರೈಕೆ



ಜಹೀರಾಬಾದಿನ ಸೊಸೆ ಬಾಣಂತನಕ್ಕೆ ಬೀದರಿಗೆ ಹೋಗುತ್ತಾಳೆ, ಸೇಡಂಗೆ ಕೊಟ್ಟ ಮಗಳು ತಾಂಡೂರಿನ ತವರಿಗೆ ಬರುತ್ತಾಳೆ. ನಾರಾಯಣಖೇಡದಲ್ಲೂ ಇದೇ ಕಥೆ. ಮನೆಯಲ್ಲಿ ಅಜ್ಜಿ ಒಂದು ಹೇಳಿದರೆ ದವಾಖಾನೆಯ ನರ್ಸಮ್ಮ ತೆಲುಗಿನಲ್ಲಿ ಇನ್ನೊಂದು ಹೇಳುತ್ತಾರೆ. ನಡುವೆ ಎಳೆ ತಾಯಿಗೆ ಗಲಿಬಿಲಿ.

ಮೊದಲು ಹಾಲಿನ ಮಾತು. ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸಿಗೆ ಎದೆಹಾಲು ಹಿಡಿಸಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಜೇನು, ಸಕ್ಕರೆ ನೀರು, ಬಜೆ ತೇಯ್ದ ರಸ ಯಾವುದೂ ಬೇಡ. ಬೇಸಿಗೆಯಲ್ಲಿ ತಾಂಡೂರಿನ ಬಿಸಿಲು ಗೊತ್ತೇ ಇದೆ, ಆದರೂ ಆರು ತಿಂಗಳವರೆಗೆ ನೀರು ಕುಡಿಸಬೇಕಿಲ್ಲ. ಹಾಲು ಸಾಲುತ್ತಿದೆಯೇ ಎಂಬ ಅನುಮಾನವೇ? ಐದಾರು ದಿನ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಸಾಲುತ್ತಿದೆ ಎಂದೇ ತಿಳಿಯಿರಿ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಮತ್ತೆ ಬರುವುದು ಸಹಜ.

ಬಿಕ್ಕಳಿಕೆ, ಸೀನು, ಹಾಲು ಕುಡಿದ ಮೇಲೆ ತುಸು ಕಕ್ಕುವುದು, ಇವಕ್ಕೆ ಹೆದರಬೇಡಿ. ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರೆ ತೇಗು ಬರುತ್ತದೆ. ವಾಂತಿ ಹಸಿರಾಗಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೂಸಿನ ಎದೆ ಉಬ್ಬಿದೆಯೆಂದು ಹಿಂಡುವವರಿದ್ದಾರೆ. ತಾಯಿಯ ಹಾರ್ಮೋನಿನಿಂದ ಬಂದ ಉಬ್ಬು ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಹೊಕ್ಕುಳಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಹಚ್ಚದೆ ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ಉದುರುತ್ತದೆ. ಅಲ್ಲಿಯವರೆಗೆ ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಮುಂದೆ ಎಣ್ಣೆ ನೀವಿ ಎರೆಯಿರಿ, ಆದರೆ ಕಿವಿ ಮೂಗಿಗೆ ಎಣ್ಣೆ ಬಿಡಬೇಡಿ. ಹೊಟ್ಟೆ ಉಬ್ಬರಕ್ಕೆ ಬರೆ ಹಾಕುವ ಕ್ರೌರ್ಯವಂತೂ ನಿಲ್ಲಲೇಬೇಕು.

ಇನ್ನು ಕತ್ತಲೆ ಕೋಣೆಯ ವಿಷಯ. ಇದು ನಮ್ಮ ಮನೆಯಲ್ಲೇ ನಡೆದದ್ದು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು ಮೊಮ್ಮಗಳನ್ನು ಮಲಗಿಸಿದ್ದೆವು. ಐದನೆಯ ದಿನ ನೋಡಲು ಬಂದ ನೆರೆಮನೆಯಾಕೆ ಕೂಸನ್ನು ಬಾಗಿಲಿಗೆ ಎತ್ತಿಕೊಂಡು ಬಂದಾಗ ಅಂಗಾಲು ಹಳದಿ! ಬಲ್ಬಿನ ಬೆಳಕಲ್ಲಿ ನಮಗ್ಯಾರಿಗೂ ಕಂಡಿರಲಿಲ್ಲ. ಎರಡು ದಿನ ನೀಲಿ ದೀಪದಡಿ ಇಟ್ಟ ಮೇಲೆ ಇಳಿಯಿತು.

ಹುಟ್ಟಿದ ಕೂಸಿನ ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ. ಅದರಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕಲು ಎಳೆಯ ಯಕೃತ್ತಿಗೆ ಶಕ್ತಿ ಸಾಲದು. ಆದ್ದರಿಂದ ಎರಡು ಮೂರನೆಯ ದಿನ ಮುಖ ಹಳದಿಯಾಗುವುದು ಸಾಮಾನ್ಯ. ಮೊದಲ 24 ಗಂಟೆಯೊಳಗೇ ಕಂಡರೆ ಅಥವಾ ಅಂಗೈ ಅಂಗಾಲಿಗೆ ಇಳಿದರೆ ಅಪಾಯ. ಮಿತಿ ಮೀರಿದರೆ ಮೆದುಳಿಗೆ ಪೆಟ್ಟು, ಕಿವುಡು ಬರಬಹುದು. ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಮದ್ದಲ್ಲ. ದಿನಕ್ಕೊಮ್ಮೆ ಹಗಲು ಬೆಳಕಲ್ಲಿ ಕೂಸನ್ನು ನೋಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಅದರ ವಿಷಗಾಳಿಗೆ ವಾಸನೆಯಿಲ್ಲ. ಕುಂಚಿಗೆ, ಕಾಲುಚೀಲ, ತಾಯಿಯ ಎದೆಯ ಕಾವು ಸಾಕು.

ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಸೆಳೆದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಕಾಯಬೇಡಿ. 108 ಎರಡೂ ರಾಜ್ಯಗಳಲ್ಲಿದೆ.

ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ. ಆಮೇಲೆ 6, 10, 14ನೆಯ ವಾರ. ತೆಲಂಗಾಣದಲ್ಲಿ ಶುರುವಾದದ್ದನ್ನು ಕರ್ನಾಟಕದಲ್ಲಿ ಮುಂದುವರಿಸಬಹುದು, ಹಣ ಕೊಡಬೇಕಿಲ್ಲ. ಊರು ಬದಲಾಯಿಸುವಾಗ ತಾಯಿ ಕಾರ್ಡನ್ನು ಕೂಸಿನ ಬಟ್ಟೆಯ ಗಂಟಿನಲ್ಲೇ ಇಟ್ಟುಕೊಳ್ಳಿ, ಅಲ್ಲಿನ ಆಶಾ ಕಾರ್ಯಕರ್ತೆಗೆ ಬಂದ ದಿನವೇ ತಿಳಿಸಿ. 42 ದಿನದವರೆಗೆ ಮನೆಗೆ ಬಂದು ಕೂಸನ್ನು ನೋಡಿ ತೂಕ ಮಾಡುವುದು ಆಕೆಯ ಕೆಲಸ.