ಗುಲ್ಮಾರ್ಗದ ಹಿಮ

ಹಿಮವೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಎಲ್ಲೆಡೆಯೂ ಒಂದೇ ಸಮನಾಗಿ ಹರಡಿದ ಬಿಳುಪು. ಬಯಲುಸೀಮೆಯಲ್ಲಿಯೋ ಕರಾವಳಿಯಲ್ಲಿಯೋ ಬೆಳೆದ ನಾವು ಅದನ್ನು ಚಿತ್ರಗಳಲ್ಲಿ ಕಂಡದ್ದೇ ಹೆಚ್ಚಾದುದರಿಂದ ಹೀಗೆ ಭಾವಿಸುವುದು ಸಹಜ. ಆದರೆ ನಮ್ಮ ರೈತನು ಎರೆಮಣ್ಣು, ಕೆಮ್ಮಣ್ಣು, ಮರಳುಮಣ್ಣು ಎಂದು ನೆಲದಲ್ಲಿ ಭೇದವನ್ನು ಕಾಣುವಂತೆ, ಹಿಮದ ನಾಡಿನವರು ಹಿಮದಲ್ಲಿ ಭೇದವನ್ನು ಕಾಣುತ್ತಾರೆ. ನಿನ್ನೆ ಬಿದ್ದ ಹಿಮ ಬೇರೆ, ತಿಂಗಳ ಹಿಂದೆ ಬಿದ್ದ ಹಿಮ ಬೇರೆ. ಈ ಭೇದವನ್ನರಿಯದೆ ಹೆಜ್ಜೆಯಿಟ್ಟವನ ಪ್ರಾಣಕ್ಕೇ ಸಂಚಕಾರ ಬರಬಹುದು.

ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯಲ್ಲಿ, ಪೀರ್ ಪಂಜಾಲ್ ಪರ್ವತಶ್ರೇಣಿಯ ಮಡಿಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರ್ ಎತ್ತರದಲ್ಲಿ ಗುಲ್ಮಾರ್ಗವಿದೆ. ಹೂಗಳ ಹುಲ್ಲುಗಾವಲು ಎಂಬುದು ಆ ಹೆಸರಿನ ಅರ್ಥ. ಬೇಸಿಗೆಯಲ್ಲಿ ಹೆಸರಿಗೆ ತಕ್ಕಂತೆ ಕಂಗೊಳಿಸುವ ಈ ಬಯಲು ಚಳಿಗಾಲದಲ್ಲಿ ಸ್ಕೀಯಿಂಗ್ ಕ್ರೀಡೆಯ ತಾಣವಾಗುತ್ತದೆ. ಪಾದರಕ್ಷೆಗಳಿಗೆ ಉದ್ದನೆಯ ಎರಡು ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದೇ ಈ ಕ್ರೀಡೆ. ೧೯೨೭ರಲ್ಲಿಯೇ ಇಲ್ಲಿ ಸ್ಕೀ ಕ್ಲಬ್ಬೊಂದು ಸ್ಥಾಪಿತವಾಗಿತ್ತು. ಊರಿನ ನೆತ್ತಿಯ ಮೇಲೆ ಅಫರ್ವತ್ ಪರ್ವತ ನಿಂತಿದೆ. ತಂತಿಯ ಮೇಲೆ ತೂಗಾಡುತ್ತ ಏರುವ ಗೊಂಡೊಲ ಎಂಬ ವಾಹನವು ೧೯೯೮ರಲ್ಲಿ ಕೊಂಗ್‌ಡೋರಿಯವರೆಗೂ, ೨೦೦೫ರಲ್ಲಿ ನಾಲ್ಕು ಸಾವಿರ ಮೀಟರಿಗೆ ಸಮೀಪದ ಅಫರ್ವತ್ ಭುಜದವರೆಗೂ ಮುಟ್ಟಿತು. ಹೀಗೆ ಹಿಂದೆ ದಿನವಿಡೀ ಹತ್ತಬೇಕಾಗಿದ್ದ ಎತ್ತರಕ್ಕೆ ಈಗ ಸಾಮಾನ್ಯರೂ ಕುಳಿತಲ್ಲಿಯೇ ತಲುಪುತ್ತಾರೆ.

ಇಲ್ಲಿಗೆ ಹಿಮ ಎಲ್ಲಿಂದ ಬರುತ್ತದೆ? ನಮಗೆ ಮಳೆ ತರುವ ಮುಂಗಾರು ಕಾಶ್ಮೀರದ ಕಣಿವೆಗೆ ಅಷ್ಟಾಗಿ ಒದಗುವುದಿಲ್ಲ. ಪೀರ್ ಪಂಜಾಲ್ ಅದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಕಣಿವೆಯ ಭಾಗ್ಯ ತೆರೆಯುವುದು ಚಳಿಗಾಲದಲ್ಲಿ, ಪಶ್ಚಿಮ ದಿಕ್ಕಿನಿಂದ. ಮೆಡಿಟರೇನಿಯನ್ ಸಮುದ್ರದ ಪ್ರದೇಶದಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಇರಾನ್, ಅಫ್ಘಾನಿಸ್ತಾನಗಳನ್ನು ಹಾದು, ದಾರಿಯಲ್ಲಿ ಮತ್ತಷ್ಟು ತೇವವನ್ನು ಕೂಡಿಕೊಂಡು ಹಿಮಾಲಯಕ್ಕೆ ಬಂದು ತಾಗುತ್ತವೆ. ಹವಾಮಾನ ಶಾಸ್ತ್ರಜ್ಞರು ಇವುಗಳನ್ನು ಪಶ್ಚಿಮದ ಪ್ರಕ್ಷುಬ್ಧತೆಗಳು ಎನ್ನುತ್ತಾರೆ. ಪರ್ವತವನ್ನೇರುವ ಗಾಳಿ ತಣ್ಣಗಾಗಿ ತನ್ನ ಹೊರೆಯನ್ನು ಇಳಿಸುತ್ತದೆ. ಎರಡು ಮೂರು ದಿನ ಬಿಡದೆ ಹಿಮ ಸುರಿದು, ಬಳಿಕ ಆಕಾಶ ನಿರ್ಮಲವಾಗಿ ಬಿಸಿಲು ಬೀಳುವುದು ಇಲ್ಲಿನ ಚಳಿಗಾಲದ ವಾಡಿಕೆ.

ಕಾಶ್ಮೀರಿಗಳು ಚಳಿಗಾಲದ ನಡುಭಾಗವನ್ನು ಮೂರಾಗಿ ಎಣಿಸುತ್ತಾರೆ. ಡಿಸೆಂಬರ್ ೨೧ರಿಂದ ನಲವತ್ತು ದಿನ ಚಿಲ್ಲಾಯ್ ಕಲಾನ್. ಅನಂತರ ಇಪ್ಪತ್ತು ದಿನ ಚಿಲ್ಲಾಯ್ ಖುರ್ದ್. ಕೊನೆಯ ಹತ್ತು ದಿನ ಚಿಲ್ಲಾಯ್ ಬಚ್ಚಾ. ನಮ್ಮವರು ಮಳೆ ನಕ್ಷತ್ರಗಳನ್ನು ಎಣಿಸಿ ಬಿತ್ತನೆಯನ್ನು ನಿಶ್ಚಯಿಸಿದಂತೆಯೇ ಇದೂ ತಲೆಮಾರುಗಳ ಅನುಭವದ ಲೆಕ್ಕ. ಚಿಲ್ಲಾಯ್ ಕಲಾನ್ ಅತಿ ಕಠೋರವಾದ ಕಾಲ. ಆಗ ಗುಲ್ಮಾರ್ಗದಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗಿಳಿಯುವುದುಂಟು. ಈ ಅವಧಿಯಲ್ಲಿ ಬಿದ್ದ ಹಿಮ ಒಣಗಿರುತ್ತದೆ, ಬೇಗ ಕರಗದೆ ಉಳಿಯುತ್ತದೆ.

ಎತ್ತರವೂ ಹಿಮದ ಗುಣವನ್ನು ನಿರ್ಧರಿಸುತ್ತದೆ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಆದ್ದರಿಂದ ಒಂದೇ ಮೋಡ ತಪ್ಪಲಿನ ತಂಗ್‌ಮಾರ್ಗದಲ್ಲಿ ಮಳೆಯಾಗಿ, ಗುಲ್ಮಾರ್ಗದಲ್ಲಿ ಉಂಡೆ ಕಟ್ಟಬಹುದಾದ ಒದ್ದೆ ಹಿಮವಾಗಿ, ಅಫರ್ವತ್ ಮೇಲೆ ಅಕ್ಕಿಹಿಟ್ಟಿನಂಥ ಹುಡಿಯಾಗಿ ಬೀಳುವುದು ಸಾಧ್ಯ. ಆ ಹುಡಿಹಿಮದ ಹಗುರವನ್ನು ಹೀಗೆ ಊಹಿಸಿಕೊಳ್ಳಬಹುದು: ಹತ್ತು ಸೆಂಟಿಮೀಟರ್ ಹೊಸ ಹಿಮವನ್ನು ಕರಗಿಸಿದರೆ ದೊರೆಯುವುದು ಸುಮಾರು ಒಂದು ಸೆಂಟಿಮೀಟರ್ ನೀರು. ಉಳಿದುದೆಲ್ಲ ಗಾಳಿಯೇ! ಇದರ ಮೇಲೆ ಜಾರುವುದಕ್ಕಾಗಿಯೇ ದೂರ ದೇಶಗಳಿಂದ ಕ್ರೀಡಾಳುಗಳು ಬರುತ್ತಾರೆ. ಗುಲ್ಮಾರ್ಗದ ಕಡೆಗಿರುವ ಇಳಿಜಾರುಗಳು ಹೆಚ್ಚಾಗಿ ಈಶಾನ್ಯಕ್ಕೆ ಮುಖ ಮಾಡಿರುವುದರಿಂದ ಬಿಸಿಲಿನ ತಾಪ ಅವುಗಳಿಗೆ ಕಡಮೆ. ಮಾರ್ಚ್ ತಿಂಗಳಲ್ಲಿ ಮಾತ್ರ ಸೂರ್ಯನ ಕೈ ಮೇಲಾಗುತ್ತದೆ. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಹಿಮ ನುಚ್ಚಿನಂತೆ ಕಾಳುಕಾಳಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲು ಹೂತುಹೋಗುವಷ್ಟು ಸಡಿಲವಾಗುತ್ತದೆ.

ಇಷ್ಟೆಲ್ಲ ಮೇಲ್ಮೈಯ ಮಾತು. ನಿಜವಾದ ಅಪಾಯವಿರುವುದು ಕಣ್ಣಿಗೆ ಕಾಣದ ಕೆಳಪದರದಲ್ಲಿ. ಪ್ರತಿಯೊಂದು ಹಿಮಪಾತವೂ ಹಿಂದಿನದರ ಮೇಲೆ ಒಂದು ಹಾಸನ್ನು ಹಾಸುತ್ತದೆ. ಚಳಿಗಾಲದ ಆರಂಭದಲ್ಲಿ ಬಿದ್ದ ಹಿಮ ತೆಳುವಾಗಿದ್ದು, ಅನಂತರ ವಾರಗಟ್ಟಲೆ ಹೊಸ ಹಿಮ ಬೀಳದೆ ಇದ್ದರೆ ಏನಾಗುತ್ತದೆ? ಕೆಳಗಿನ ನೆಲ ಇನ್ನೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈ ಮಾತ್ರ ಮೋಡವಿಲ್ಲದ ಇರುಳಿನಲ್ಲಿ ಬಹಳ ತಣ್ಣಗಾಗುತ್ತದೆ. ಈ ಅಂತರದಿಂದಾಗಿ ಆವಿ ತಳದಿಂದ ಮೇಲಕ್ಕೆ ಸರಿಯುತ್ತದೆ. ತಳದ ಹಿಮಕಣಗಳು ಒಂದನ್ನೊಂದು ಹಿಡಿದಿರುವುದನ್ನು ಬಿಟ್ಟು ಸಕ್ಕರೆಯ ಹರಳುಗಳಂತಾಗುತ್ತವೆ. ಮುಂದೆ ಫೆಬ್ರವರಿಯಲ್ಲಿ ಇದರ ಮೇಲೆ ಒಂದು ಮೀಟರ್ ಹಿಮ ಬಿತ್ತೆನ್ನಿ. ಸಕ್ಕರೆಯ ರಾಶಿಯ ಮೇಲೆ ಚಪ್ಪಡಿಯನ್ನು ಇಟ್ಟಂತಾಯಿತು! ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಾದ ಇಳಿಜಾರಿನಲ್ಲಿ ಒಬ್ಬನೇ ಮನುಷ್ಯನ ಭಾರ ಸಾಕು, ಇಡೀ ಚಪ್ಪಡಿ ಒಡೆದು ಜಾರಲು. ಗಾಳಿಯು ದಿಣ್ಣೆಯ ಒಂದು ಬದಿಯ ಹಿಮವನ್ನು ಹೊತ್ತು ಮತ್ತೊಂದು ಬದಿಗೆ ಪೇರಿಸಿದಾಗ ಅಪಾಯ ಇನ್ನೂ ಹೆಚ್ಚು.

೨೦೧೦ರ ಫೆಬ್ರವರಿ ೮ರಂದು ಗುಲ್ಮಾರ್ಗದ ಇಳಿಜಾರಿನಲ್ಲಿ ತರಬೇತಿ ಪಡೆಯುತ್ತಿದ್ದ ಸೈನಿಕರ ಮೇಲೆ ಹಿಮ ಕುಸಿದು ಹದಿನೇಳಕ್ಕೆ ಕಡಮೆಯಿಲ್ಲದಷ್ಟು ಮಂದಿ ಮಡಿದರು. ೨೦೨೩ರ ಫೆಬ್ರವರಿ ೧ರಂದು ಅಫರ್ವತ್ ಮೇಲೆ ಪೋಲೆಂಡಿನ ಇಬ್ಬರು ಸ್ಕೀಯಿಂಗ್ ಪ್ರವಾಸಿಗಳು ಪ್ರಾಣ ಕಳೆದುಕೊಂಡರು. ಹಿಮ ಕಡಮೆಯಾದ ವರ್ಷದಲ್ಲಿ ಅಪಾಯವೂ ಕಡಮೆ ಎಂದು ತಿಳಿಯುವುದು ದೊಡ್ಡ ತಪ್ಪು. ೨೦೨೪ರ ಜನವರಿಯ ಬಹುಭಾಗ ಗುಲ್ಮಾರ್ಗದಲ್ಲಿ ಹಿಮವೇ ಇರಲಿಲ್ಲ. ಕಂದುಬಣ್ಣದ ಬರಿಯ ಹುಲ್ಲು ಕಾಣುತ್ತಿತ್ತು. ತಿಂಗಳ ಕೊನೆಯಲ್ಲಿ ಹಿಮ ಬರತೊಡಗಿತು. ಫೆಬ್ರವರಿ ೨೨ರಂದು ಹಿಮ ಕುಸಿದು ರಷ್ಯಾದ ಪ್ರವಾಸಿಯೊಬ್ಬರು ಸಾವಿಗೀಡಾದರು. ಆದುದರಿಂದಲೇ ಅನುಭವಿಗಳು ಇಳಿಜಾರಿಗೆ ಹೋಗುವ ಮುನ್ನ ಹಿಮದಲ್ಲಿ ಗುಂಡಿ ತೋಡಿ, ಅದರ ಗೋಡೆಯಲ್ಲಿ ಪದರಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಬೆರಳು ಎಲ್ಲಿ ಸಲೀಸಾಗಿ ಒಳಹೊಗುವುದೋ ಅಲ್ಲಿ ಅನುಮಾನಪಡಬೇಕು.

ಹಿಮ ತಡವಾದರೆ ಕ್ರೀಡೆಯಷ್ಟೇ ಕೆಡುವುದಿಲ್ಲ. ೨೦೨೫ರ ಫೆಬ್ರವರಿಯಲ್ಲಿ ಗುಲ್ಮಾರ್ಗದಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲದೆ ಮಾರ್ಚ್ ತಿಂಗಳಿಗೆ ಮುಂದೂಡಬೇಕಾಯಿತು. ಆಟವನ್ನು ಮುಂದೂಡಬಹುದು, ಪ್ರವಾಸಿಗಳನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆಯುವವನ ಅಂದಿನ ಕೂಲಿಯನ್ನು ಮುಂದೂಡಲಾಗದು. ಬೇಸಿಗೆಯ ನೀರೂ ಈ ಹಿಮದಿಂದಲೇ ಬರಬೇಕು. ಅಫರ್ವತ್ ಮೇಲಿನ ಹಿಮ ಮೆಲ್ಲನೆ ಕರಗಿ, ನಿಂಗಲ್ ಎಂಬ ಹಳ್ಳವಾಗಿ ಪೈನ್ ಕಾಡುಗಳ ನಡುವೆ ಇಳಿದು, ಸೋಪೋರಿನ ಬಳಿ ಝೇಲಂ ನದಿಯನ್ನು ಸೇರುತ್ತದೆ. ಚಿಲ್ಲಾಯ್ ಕಲಾನಿನ ಹಿಮ ನಿಧಾನವಾಗಿ ಕರಗುತ್ತ ಬೇಸಿಗೆಯವರೆಗೂ ಹಳ್ಳಕ್ಕೆ ನೀರುಣಿಸುತ್ತದೆ. ಮಾರ್ಚಿಯಲ್ಲಿ ತಡವಾಗಿ ಬಿದ್ದ ಹಿಮ ಕೆಲವೇ ವಾರಗಳಲ್ಲಿ ಹರಿದುಹೋಗುತ್ತದೆ.